ತಲೆ ಎಣಿಸಿ ಬಸ್ಸು ಕೊಡಬೇಡಿ

ಮಾನ್ಯ ಸಂಪಾದಕರೇ,

ನಮಸ್ಕಾರ. ನಾನು ಕೊಪ್ಪ ತಾಲ್ಲೂಕಿನ ಒಂದು ಸಣ್ಣ ಹಳ್ಳಿಯವಳು. ಒಂದಿಷ್ಟು ಅಡಿಕೆ ತೋಟ, ಸ್ವಲ್ಪ ಕಾಫಿ, ಎರಡು ದನ, ಇಷ್ಟೇ ನಮ್ಮ ಬದುಕು. ಪತ್ರಿಕೆಗೆ ಬರೆಯುತ್ತಿರುವುದು ಇದೇ ಮೊದಲು. ಮತ್ತೆ ಜನಗಣತಿ ಬಂದಿದೆ ಅಲ್ವಾ, ಅದಕ್ಕೇ ಬರೆಯಬೇಕು ಅನ್ನಿಸಿತು. 2021ಕ್ಕೆ ಆಗಬೇಕಿದ್ದ ಎಣಿಕೆ ಮುಂದೆ ಹೋಗಿ ಹೋಗಿ ಈಗ 2027ರ ಮಾರ್ಚ್ 1ರ ಲೆಕ್ಕ ಅಂತ ಆಗಿದೆ. ನಮ್ಮನ್ನೂ ಎಣಿಸುತ್ತಾರೆ. ಆಮೇಲೆ ಆ ಸಂಖ್ಯೆ ಹಿಡಿದುಕೊಂಡೇ ಯಾವ ಊರಿಗೆ ರಸ್ತೆ, ಯಾವ ಊರಿಗೆ ಬಸ್ಸು, ಯಾವ ಊರಿನ ಶಾಲೆ ಉಳಿಯಬೇಕು ಅಂತ ಮುಂದಿನ ಹತ್ತು ಹದಿನೈದು ವರ್ಷ ತೀರ್ಮಾನ ಮಾಡುತ್ತಾ ಹೋಗುತ್ತಾರೆ. ಸಂಖ್ಯೆ ಬರುವ ಮೊದಲೇ ನಮ್ಮ ಮಾತೂ ಯಾರದಾದರೂ ಕಿವಿಗೆ ಬೀಳಲಿ.

ಹೋದ ತಿಂಗಳು ಬೆಂಗಳೂರಿನಿಂದ ಬಂದಿದ್ದ ನನ್ನ ಅಕ್ಕನ ಮಗ 2011ರ ಜನಗಣತಿಯ ನಮ್ಮ ಜಿಲ್ಲೆಯ ಕೈಪಿಡಿಯನ್ನು ಫೋನಿನಲ್ಲಿ ತೆಗೆದು ತೋರಿಸಿದ. ಊರಿಗೊಂದು ಸಾಲು. ಜನ ಎಷ್ಟು, ಮನೆ ಎಷ್ಟು, ಶಾಲೆ ಇದೆಯಾ, ಆಸ್ಪತ್ರೆ ಇದೆಯಾ, ಅಂಚೆ ಇದೆಯಾ, ಬಸ್ಸು ಬರುತ್ತದಾ. ಇಲ್ಲ ಅಂದರೆ ಎಷ್ಟು ದೂರದಲ್ಲಿ ಸಿಗುತ್ತದೆ ಅನ್ನುವುದಕ್ಕೆ ಎ, ಬಿ, ಸಿ ಅಂತ ಮೂರು ಗುರುತು. ಎ ಅಂದರೆ 5 ಕಿಲೋಮೀಟರ್ ಒಳಗೆ, ಬಿ ಅಂದರೆ 5ರಿಂದ 10, ಸಿ ಅಂದರೆ 10ಕ್ಕಿಂತ ಜಾಸ್ತಿ. ನಮ್ಮೂರಿನ ಸಾಲಿನಲ್ಲಿ ಖಾಸಗಿ ಬಸ್ಸಿನ ಕೆಳಗೆ 'ಇದೆ' ಅಂತ ಇತ್ತು.

ಸುಳ್ಳಲ್ಲ, ಬಸ್ಸು ಇದೆ. ಬೆಳಿಗ್ಗೆ 7.20ಕ್ಕೆ ಕ್ರಾಸಿನಲ್ಲಿ ನಿಂತು ಪೇಟೆಗೆ ಹೋಗುತ್ತದೆ. ಸಂಜೆ 4 ಗಂಟೆಗೆ ಪೇಟೆ ಬಿಟ್ಟು ವಾಪಸ್ ಬರುತ್ತದೆ. ಅಷ್ಟೇ. ಭಾನುವಾರ ಇಲ್ಲ. ಮೊದಲು ಮಧ್ಯಾಹ್ನ ಇನ್ನೊಂದು ಬಸ್ಸಿತ್ತು, ಕೊರೊನಾ ಬಂದಾಗ ನಿಂತಿದ್ದು ಮತ್ತೆ ಬರಲೇ ಇಲ್ಲ. ಕ್ರಾಸಿನಿಂದ ನಮ್ಮ ಮನೆಗೆ ಮೂರೂವರೆ ಕಿಲೋಮೀಟರ್. ಅದರಲ್ಲಿ ಅರ್ಧ ದಾರಿ ಏರು, ನಡುವೆ ಒಂದು ಹಳ್ಳ, ಹಳ್ಳಕ್ಕೆ ಅಡಿಕೆ ಮರದ ಸಂಕ, ಅಂದರೆ ಕಾಲುಸೇತುವೆ. ಮುಂದಿನ ಪಟ್ಟಿಯಲ್ಲೂ ನಮ್ಮೂರಿನ ಮುಂದೆ 'ಇದೆ' ಅಂತಲೇ ಬರುತ್ತದೆ. ದಿನಕ್ಕೆ ಎರಡು ಬಸ್ಸು ಇದ್ದಾಗಲೂ 'ಇದೆ', ಒಂದೇ ಆದಾಗಲೂ 'ಇದೆ'. ದಿನಕ್ಕೆ ಎಷ್ಟು ಸಲ, ಎಷ್ಟು ಹೊತ್ತಿಗೆ ಅಂತ ಕೇಳುವ ಕಾಲಮ್ಮೇ ಅದರಲ್ಲಿ ಇಲ್ಲ.

ಪಕ್ಕದ ಮನೆಯ ಹುಡುಗಿಯ ವಿಷಯ ಹೇಳುತ್ತೇನೆ. ಅವಳು ಸೆಕೆಂಡ್ ಪಿಯುಸಿ, ಸೈನ್ಸು. ವಾರಕ್ಕೆ ಎರಡು ದಿನ ಮಧ್ಯಾಹ್ನ ಪ್ರಾಕ್ಟಿಕಲ್ ಇರುತ್ತದೆ. ಮುಗಿಯುವುದು ನಾಲ್ಕೂವರೆಗೆ, ಬಸ್ಸು ಹೊರಡುವುದು ನಾಲ್ಕಕ್ಕೆ. ಅರ್ಧಕ್ಕೇ ಬಿಟ್ಟು ಓಡಿ ಬರಬೇಕು, ಇಲ್ಲ ಅಂದರೆ ಮೇನ್ ರೋಡಿನ ಬಸ್ಸು ಹತ್ತಿ 9 ಕಿಲೋಮೀಟರ್ ದೂರದ ಇನ್ನೊಂದು ಕ್ರಾಸಿನಲ್ಲಿ ಇಳಿದು ಅಪ್ಪನಿಗೆ ಕಾಯಬೇಕು. ಅಪ್ಪ ಕೂಲಿ ಕೆಲಸ ಅರ್ಧಕ್ಕೆ ಬಿಟ್ಟು ಬೈಕ್ ತರಬೇಕು. ಹೋದ ಮಳೆಗಾಲದಲ್ಲಿ ಒಂದು ಸಂಜೆ ನಾನು ದನ ಹುಡುಕಿಕೊಂಡು ಹಳ್ಳದ ಹತ್ತಿರ ಹೋಗಿದ್ದೆ. ಮಳೆ ಎಂದರೆ ಎದುರಿಗೆ ಏನೂ ಕಾಣದ ಮಳೆ. ಆರೂವರೆ ಆಗಿರಬೇಕು, ಕಾನಿನ ದಾರಿಯಲ್ಲಿ ಆಗಲೇ ಕತ್ತಲೆ. ಈ ಹುಡುಗಿ ಸಂಕದ ಆಚೆ ದಡದಲ್ಲಿ ನಿಂತಿದ್ದಳು. ಬ್ಯಾಗನ್ನು ಗೊಬ್ಬರದ ಚೀಲದೊಳಗೆ ಹಾಕಿ ಎದೆಗೆ ಅವಚಿಕೊಂಡಿದ್ದಳು. ಒಂದು ಕೈಯಲ್ಲಿ ಕೋಲು, ಕೋಲಿನ ತುದಿಗೆ ಬಟ್ಟೆಯಲ್ಲಿ ಕಟ್ಟಿದ ಉಪ್ಪಿನ ಗಂಟು. ಬಗ್ಗಿ ಬಗ್ಗಿ ಆ ಗಂಟನ್ನು ಕಾಲಿಗೆ ಒತ್ತಿ ಉಂಬಳ, ಅಂದರೆ ಜಿಗಣೆ, ಬೀಳಿಸುತ್ತಿದ್ದಳು. ಸಂಕದ ಮೇಲೆ ನೀರು ಹಾರುತ್ತಿತ್ತು. ನಾನು ಈ ಕಡೆಯಿಂದ ಕೈ ಕೊಟ್ಟು ದಾಟಿಸಿದೆ. ದಾಟಿದ ಕೂಡಲೇ ಅವಳು ಕೇಳಿದ್ದು, "ಅತ್ತೇ, ರೆಕಾರ್ಡ್ ಬುಕ್ ಒದ್ದೆ ಆಗಿದ್ಯಾ ನೋಡಿ" ಅಂತ. ಕಾಲಿನಿಂದ ರಕ್ತ ಇಳಿಯುತ್ತಿತ್ತು, ಅದರ ಬಗ್ಗೆ ಒಂದು ಮಾತಿಲ್ಲ.

ಮಲೆನಾಡಿನ ಮಕ್ಕಳಿಗೆ ಇದು ಅಭ್ಯಾಸ ಬಿಡಿ ಅಂತ ಯಾರೂ ಹೇಳಬೇಡಿ. 2022ರ ಮಳೆಗಾಲದಲ್ಲಿ ಘಟ್ಟದ ಕೆಳಗೆ ಬೈಂದೂರು ತಾಲ್ಲೂಕಿನಲ್ಲಿ ಶಾಲೆಯಿಂದ ಬರುತ್ತಿದ್ದ ಎರಡನೇ ತರಗತಿಯ ಮಗು ಕಾಲುಸಂಕದಿಂದ ಜಾರಿ ನೀರಿಗೆ ಬಿದ್ದು ತೀರಿಕೊಂಡಿತು. ಆ ಸುದ್ದಿ ಓದಿದ ದಿನ ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಮಕ್ಕಳನ್ನು ಶಾಲೆಗೆ ಕಳಿಸಲು ಮನಸ್ಸೇ ಬರಲಿಲ್ಲ.

ಈಗ ಜನಸಂಖ್ಯೆಯ ಮಾತಿಗೆ ಬರುತ್ತೇನೆ. ನಮ್ಮದು ಬಯಲುಸೀಮೆಯ ಹಾಗೆ ಮನೆಗೆ ಮನೆ ತಾಗಿಕೊಂಡ ಊರಲ್ಲ. ಇಲ್ಲಿ ಎರಡು ಮನೆ, ಗುಡ್ಡ ದಾಟಿದರೆ ನಾಲ್ಕು ಮನೆ, ಅಲ್ಲಿಂದ ಕೆಳಗೆ ತೋಟದ ತಲೆಯಲ್ಲಿ ಒಂದು ಒಂಟಿಮನೆ. ಸರ್ಕಾರದ ಕಾಗದದಲ್ಲಿ ಒಂದೇ ಗ್ರಾಮ, ನಿಜದಲ್ಲಿ ನಾಲ್ಕು ಮಜರೆ. ನಮ್ಮ ಮಜರೆಯಲ್ಲಿ 22 ಮನೆ, ಈಗ ಇರುವವರು 74 ಜನ. ಸಂಘದ ಪುಸ್ತಕ ನಾನೇ ಬರೆಯುವುದರಿಂದ ಈ ಲೆಕ್ಕ ಬಾಯಲ್ಲೇ ಇದೆ. ನಾಲ್ಕೂ ಮಜರೆ ಸೇರಿಸಿದರೆ ನಾನೂರು ದಾಟುವುದು ಕಷ್ಟ.

ಹಳ್ಳಿ ರಸ್ತೆಗೆ ಅಂತ 2000ನೇ ಇಸವಿಯ ಡಿಸೆಂಬರ್‌ನಲ್ಲಿ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಶುರುವಾಯಿತು. ಒಳ್ಳೆಯ ಯೋಜನೆ. ಅದರಿಂದ ದೇಶದಲ್ಲಿ ಎಷ್ಟೋ ಹಳ್ಳಿಗಳ ಮುಖ ಬದಲಾಗಿದೆ, ಇಲ್ಲ ಅನ್ನುವುದಿಲ್ಲ. ಆದರೆ ಅದರ ಲೆಕ್ಕ ನೋಡಿ. ಬಯಲು ಪ್ರದೇಶದಲ್ಲಿ ಒಂದು ಜನವಸತಿಯಲ್ಲಿ 500 ಜನ ಇರಬೇಕು. ಈಶಾನ್ಯದ ರಾಜ್ಯಗಳು, ಹಿಮಾಲಯದ ಕಡೆಯ ರಾಜ್ಯಗಳು, ಮರುಭೂಮಿ, ಬುಡಕಟ್ಟು ಪ್ರದೇಶ ಇಂಥವಕ್ಕೆ 250 ಸಾಕು. ಪಶ್ಚಿಮ ಘಟ್ಟದ ನಾವು ಗುಡ್ಡದಲ್ಲಿದ್ದರೂ ಗುಡ್ಡದವರ ಪಟ್ಟಿಯಲ್ಲಿ ಇಲ್ಲ. ಹತ್ತಿರದ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ, ದರೆ ಕುಸಿಯುವುದು, ರಸ್ತೆಗೆ ಮರ ಬೀಳುವುದು ನಮಗೆ ಪ್ರತಿ ವರ್ಷದ ಪಾಡು. ಆದರೂ ಲೆಕ್ಕಕ್ಕೆ ನಾವು ಬಯಲಿನವರು. ಅಕ್ಕಪಕ್ಕದ ವಸತಿಗಳ ಜನರನ್ನು ಕೂಡಿಸಿ ಲೆಕ್ಕ ಹಾಕಬಹುದು ಅಂತ ನಿಯಮ ಇದೆ, ಅದೂ 500 ಮೀಟರ್ ಒಳಗೆ ಇದ್ದರೆ ಮಾತ್ರ. ನಮ್ಮಲ್ಲಿ 500 ಮೀಟರ್ ಹೋದರೆ ಒಂದು ಮನೆಯ ಅಂಗಳದಿಂದ ಅದೇ ಮನೆಯ ತೋಟದ ಬೇಲಿ ಮುಟ್ಟಬಹುದು, ಅಷ್ಟೇ. 2024ರ ಸೆಪ್ಟೆಂಬರ್‌ನಲ್ಲಿ ಯೋಜನೆಯ ನಾಲ್ಕನೇ ಹಂತಕ್ಕೆ ಒಪ್ಪಿಗೆ ಸಿಕ್ಕಿತು, 25,000 ಜನವಸತಿಗಳಿಗೆ ರಸ್ತೆ ಅಂದರು. ಅದಕ್ಕೂ 2011ರ ಜನಸಂಖ್ಯೆಯೇ ಆಧಾರ, ಬಯಲಿಗೆ ಅದೇ 500.

ಇನ್ನೊಂದು ಸಂಖ್ಯೆ ಹೇಳಲೇಬೇಕು. 2001ರಲ್ಲಿ ಚಿಕ್ಕಮಗಳೂರು ಜಿಲ್ಲೆಯಲ್ಲಿ 11,40,905 ಜನ ಇದ್ದರು. 2011ರಲ್ಲಿ 11,37,961. ಅದೇ ಹತ್ತು ವರ್ಷದಲ್ಲಿ ರಾಜ್ಯದ ಜನಸಂಖ್ಯೆ ಶೇಕಡ 15ಕ್ಕಿಂತ ಜಾಸ್ತಿ ಬೆಳೆಯಿತು, ಬೆಂಗಳೂರು ನಗರ ಜಿಲ್ಲೆ ಶೇಕಡ 47ರಷ್ಟು ಬೆಳೆಯಿತು. ಇಡೀ ರಾಜ್ಯದಲ್ಲಿ ಜನ ಕಡಿಮೆಯಾದ ಜಿಲ್ಲೆ ನಮ್ಮದೊಂದೇ. ಅಕ್ಕನ ಮಗ ಇದನ್ನು ಓದಿ ಹೇಳಿದಾಗ ನಮ್ಮ ಮನೆಯವರು ಎದ್ದು ಹೊರಗೆ ಹೋಗಿ ಜಗಲಿಯಲ್ಲಿ ಕೂತರು. ಯಾಕೆಂದರೆ ಆ ಕಡಿಮೆಯಾದವರಲ್ಲಿ ಅವರ ತಮ್ಮಂದಿರು ಇಬ್ಬರು, ನಮ್ಮ ಮಗ ಒಬ್ಬ.

ಜನ ಯಾಕೆ ಹೋದರು? ಅಡಿಕೆಗೆ ಹಳದಿ ಎಲೆ ರೋಗ ಬಂತು, ಈಗ ಎಲೆಚುಕ್ಕಿ ರೋಗ. ಜಮೀನು ಪಾಲಾಯಿತು. ಓದಿದವರಿಗೆ ಇಲ್ಲಿ ಕೆಲಸ ಇಲ್ಲ. ಇದೆಲ್ಲ ನಿಜ, ಎಲ್ಲವನ್ನೂ ಬಸ್ಸಿನ ತಲೆಗೆ ಕಟ್ಟುವುದಿಲ್ಲ. ಆದರೆ ನಮ್ಮ ಮಜರೆಯಲ್ಲಿ ಬೀಗ ಬಿದ್ದಿರುವ ಐದು ಮನೆಗಳಲ್ಲಿ ಮೂರು ಮನೆಯವರು ಊರು ಬಿಟ್ಟಿದ್ದು ಮಕ್ಕಳು ಹೈಸ್ಕೂಲಿಗೆ ಬಂದ ವರ್ಷವೇ. ಒಬ್ಬರು ಪೇಟೆಯಲ್ಲಿ ಬಾಡಿಗೆ ಮನೆ ಮಾಡಿದರು, ಮಕ್ಕಳ ಜತೆ ತಾಯಿ ಅಲ್ಲಿ, ತಂದೆ ತೋಟದಲ್ಲಿ ಒಬ್ಬರೇ. ಎರಡು ವರ್ಷ ಹಾಗೆ ಎಳೆದರು. ಆಮೇಲೆ ತೋಟ ಗೇಣಿಗೆ ಕೊಟ್ಟು ಅವರೂ ಹೋದರು. ಒಂದು ಮನೆ ಹೋದರೆ ಶಾಲೆಯಲ್ಲಿ ಎರಡು ಮಕ್ಕಳು ಕಡಿಮೆ. ಮಕ್ಕಳು ಕಡಿಮೆ ಅಂತ ಶಾಲೆ ಮುಚ್ಚಿತು. ಶಾಲೆ ಮುಚ್ಚಿದ ಮೇಲೆ ಬಸ್ಸಿಗೆ ಟೀಚರೂ ಇಲ್ಲ, ಮಕ್ಕಳೂ ಇಲ್ಲ. ಕೊರೊನಾದಲ್ಲಿ ನಿಂತ ಮಧ್ಯಾಹ್ನದ ಟ್ರಿಪ್ಪು ಜನ ಇಲ್ಲ ಅಂತ ಮತ್ತೆ ಶುರುವಾಗಲೇ ಇಲ್ಲ. ಬಸ್ಸು ನಿಂತ ಮೇಲೆ ಇನ್ನೊಂದು ಮನೆ ಹೋಯಿತು. ಈಗ ಕೇಳಿದರೆ ಜನ ಎಲ್ಲಿದ್ದಾರೆ, ಯಾರಿಗಾಗಿ ಬಸ್ಸು ಹಾಕುವುದು ಅನ್ನುತ್ತಾರೆ. ಬಸ್ಸಿಲ್ಲ ಅಂತಲೇ ಹೋದವರನ್ನು ಲೆಕ್ಕದಿಂದ ಕಳೆದು, ಉಳಿದವರು ಕಡಿಮೆ ಅಂತ ಬಸ್ಸು ಕೊಡದೆ ಇರುವುದು ಯಾವ ನ್ಯಾಯ? ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇಷ್ಟೇ.

ಶಕ್ತಿ ಯೋಜನೆಯ ಬಗ್ಗೆ ಒಂದು ಮಾತು. 2023ರ ಜೂನ್ 11ರಿಂದ ರಾಜ್ಯದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ. 2025ರ ಜುಲೈಗೆ ಅಂಥ ಪ್ರಯಾಣ 500 ಕೋಟಿ ದಾಟಿತು. ಬಯಲುಸೀಮೆಯಲ್ಲಿರುವ ನನ್ನ ನಾದಿನಿ ಈಗ ತಿಂಗಳಿಗೊಮ್ಮೆ ತವರಿಗೆ ಹೋಗಿ ಬರುತ್ತಾಳೆ, ಅವಳ ಸಂತೋಷ ನೋಡಿ ನನಗೂ ಸಂತೋಷ. ಆದರೆ ನಮ್ಮ ದಾರಿಯಲ್ಲಿ ಸರ್ಕಾರಿ ಬಸ್ಸು ಓಡುವುದೇ ಇಲ್ಲ. ಮಲೆನಾಡು, ಕರಾವಳಿಯ ಒಳದಾರಿಗಳಲ್ಲಿ ಮೊದಲಿನಿಂದಲೂ ಖಾಸಗಿ ಬಸ್ಸುಗಳದ್ದೇ ಓಡಾಟ. ಆ ಬಸ್ಸಿನವರು ಕೆಟ್ಟವರಲ್ಲ. ಶಾಲೆ ಮಕ್ಕಳಿಗೆ ಕಡಿಮೆ ಮಾಡುತ್ತಾರೆ, ಅಜ್ಜಿಯಂದಿರಿಗೆ ಎಲ್ಲಿ ಬೇಕೋ ಅಲ್ಲಿ ನಿಲ್ಲಿಸುತ್ತಾರೆ, ಔಷಧಿ ಚೀಟಿ ಕೊಟ್ಟರೆ ಪೇಟೆಯಿಂದ ಔಷಧಿ ತಂದುಕೊಡುತ್ತಾರೆ. ಆದರೆ ಡೀಸೆಲ್ ಹಾಕಿಸಿ, ತೆರಿಗೆ ಕಟ್ಟಿ, ಡ್ರೈವರಿಗೆ ಸಂಬಳ ಕೊಟ್ಟು, ಎಂಟು ಹತ್ತು ಜನರನ್ನು ಕೂರಿಸಿಕೊಂಡು ಎಷ್ಟು ದಿನ ಓಡಿಸಿಯಾರು? ಅವರ ಕಷ್ಟವೂ ಸುಳ್ಳಲ್ಲ.

ನಮ್ಮ ಕೊಪ್ಪದ ಸಹಕಾರ ಸಾರಿಗೆಯನ್ನು ನೆನೆಸಿಕೊಳ್ಳದೆ ಈ ಪತ್ರ ಮುಗಿಸಲಾರೆ. ಕೆಲಸ ಕಳೆದುಕೊಂಡ ಬಸ್ ನೌಕರರೇ ಒಟ್ಟು ಸೇರಿ 1991ರಲ್ಲಿ ಕಟ್ಟಿದ್ದು ಅದು. ಡ್ರೈವರು, ಕಂಡಕ್ಟರುಗಳೇ ಅದರ ಮಾಲೀಕರು. ಸುಮಾರು ಮೂವತ್ತು ವರ್ಷ ಮಲೆನಾಡಿನ ಒಳದಾರಿಗಳಲ್ಲಿ ಅವರ ಬಸ್ಸು ಓಡಿತು. ಲಾಭ ಇಲ್ಲದ ದಾರಿಗೂ ಹೋಗುತ್ತಿದ್ದರು. ನಾನು ಮದುವೆಯಾಗಿ ಈ ಊರಿಗೆ ಬಂದಿದ್ದು, ಬಸುರಿಯಾಗಿ ಆಸ್ಪತ್ರೆಗೆ ಹೋಗಿಬರುತ್ತಿದ್ದದ್ದು, ಮಗನನ್ನು ಹಾಸ್ಟೆಲಿಗೆ ಬಿಡಲು ಟ್ರಂಕು ಹಾಕಿಕೊಂಡು ಹೋದದ್ದು ಎಲ್ಲ ಆ ಬಸ್ಸಿನಲ್ಲೇ. 2020ರಲ್ಲಿ ಅದು ನಿಂತುಹೋಯಿತು. ಖರ್ಚಿಗೂ ಆದಾಯಕ್ಕೂ ತಾಳ ಕೂಡಲಿಲ್ಲ. ಆವತ್ತು ಅದನ್ನು ಉಳಿಸಿಕೊಳ್ಳಲು ಸರ್ಕಾರ ಇನ್ನಷ್ಟು ಕೈ ಹಿಡಿಯಬೇಕಿತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ. ಸಣ್ಣ ಊರುಗಳಿಗೆ ಬಸ್ಸು ಓಡಿಸುವುದನ್ನು ಬರೀ ವ್ಯಾಪಾರ ಅಂತ ನೋಡಿದರೆ ಯಾರು ಓಡಿಸಿದರೂ ಕೊನೆಗೆ ಹೀಗೇ ಆಗುತ್ತದೆ.

ಈಗೆಲ್ಲ ಮನೆಗೊಂದು ಬೈಕ್ ಇದೆ, ಬಸ್ಸು ಯಾಕೆ ಅಂತ ಪೇಟೆಯ ಕಚೇರಿಯೊಂದರಲ್ಲಿ ನನ್ನ ಮುಖಕ್ಕೇ ಕೇಳಿದ್ದಾರೆ. ಮನೆಪಟ್ಟಿ ಮಾಡುವಾಗಲೂ ಸೈಕಲ್ ಇದೆಯಾ, ಸ್ಕೂಟರ್ ಇದೆಯಾ, ಕಾರು ಇದೆಯಾ ಅಂತ ಕೇಳಿ ಬರೆದುಕೊಳ್ಳುತ್ತಾರೆ. ಹೌದು, ನಮ್ಮ ಮಜರೆಯಲ್ಲಿ ಹನ್ನೊಂದು ಬೈಕಿದೆ. ಹನ್ನೊಂದನ್ನೂ ಓಡಿಸುವವರು ಗಂಡಸರು. ಅವರು ಬೆಳಿಗ್ಗೆ ಕೆಲಸಕ್ಕೆ ಹೋದರೆ ಬೈಕೂ ಅವರ ಜತೆ ಹೋಯಿತು. ಹಗಲು ಹೊತ್ತು ಊರಲ್ಲಿ ಉಳಿಯುವುದು ಹೆಂಗಸರು, ವಯಸ್ಸಾದವರು, ಸಣ್ಣ ಮಕ್ಕಳು. ನಮ್ಮ ಅತ್ತೆಗೆ 81 ವರ್ಷ, ಮಂಡಿ ಮಡಚಲು ಆಗುವುದಿಲ್ಲ, ಅವರನ್ನು ಬೈಕಿನ ಹಿಂದೆ ಕೂರಿಸಿಕೊಂಡು ಆ ಇಳಿಜಾರು ಇಳಿಯಲು ನನ್ನ ಗಂಡನಿಗೇ ಧೈರ್ಯ ಇಲ್ಲ. ಹಿಂದೆ 2006-07ರಿಂದ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡುತ್ತಿತ್ತು. ಬಯಲಿನ ಮಕ್ಕಳಿಗೆ ಅದರಿಂದ ತುಂಬಾ ಉಪಕಾರ ಆಯಿತು. ನಮ್ಮ ಮಕ್ಕಳು ಮಾತ್ರ ಏರು ಬಂದಾಗಲೆಲ್ಲ ಸೈಕಲ್ ಇಳಿದು ತಳ್ಳಿಕೊಂಡು ಬರುತ್ತಿದ್ದರು.

ಬಸ್ಸಿಲ್ಲದ ಊರಿನಲ್ಲಿ ಸರ್ಕಾರ ಪುಕ್ಕಟೆ ಕೊಡುವುದಕ್ಕೂ ದುಡ್ಡು ಬೀಳುತ್ತದೆ. ರೇಷನ್ ಅಕ್ಕಿಯನ್ನೇ ನೋಡಿ. ಸೊಸೈಟಿ ಇರುವುದು ಏಳು ಕಿಲೋಮೀಟರ್ ಆಚೆ. ಹೋಗಿ ಹೆಬ್ಬೆಟ್ಟು ಒತ್ತಬೇಕು. ನೆಟ್‌ವರ್ಕ್ ಇಲ್ಲ ಅಂದರೆ ನಾಳೆ ಬನ್ನಿ. ಚೀಲ ಹೊತ್ತು ಮೂರೂವರೆ ಕಿಲೋಮೀಟರ್ ಏರು ಹತ್ತಲು ಆಗುತ್ತದಾ? ಆಟೊಗೆ ಒಂದು ಸಲಕ್ಕೆ 300 ರೂಪಾಯಿ, ಮಳೆಗಾಲದಲ್ಲಿ 400. ಆಟೊದವರನ್ನು ಬೈಯುವುದಿಲ್ಲ, ಆ ರಸ್ತೆಗೆ ಬಂದರೆ ಅವರ ಗಾಡಿಯೇ ಹಾಳು. ನಮ್ಮ ಕೆಳಗಿನ ಮನೆಯ ಅಜ್ಜಿ, ಒಬ್ಬರೇ ಇರುವವರು, ಒಂದು ತಿಂಗಳ ಅಕ್ಕಿ ಬಿಟ್ಟೇಬಿಟ್ಟರು. ಆ ಅಕ್ಕಿ ತರುವ ಆಟೊ ದುಡ್ಡಿಗೆ ಅಂಗಡಿಯಲ್ಲೇ ಅಕ್ಕಿ ಬರುತ್ತದೆ ಮಗಾ ಅಂತ ನನಗೆ ಹೇಳಿದರು.

ಹಾಗಾದರೆ ಏನು ಮಾಡಬಹುದು? ಪಕ್ಕದ ಕೇರಳದಲ್ಲಿ 2022ರ ಜುಲೈಯಲ್ಲಿ ಗ್ರಾಮವಂಡಿ ಅಂತ ಶುರು ಮಾಡಿದ್ದಾರೆ. ಬಸ್ಸು, ಡ್ರೈವರು, ಕಂಡಕ್ಟರು, ರಿಪೇರಿ ಎಲ್ಲ ಅಲ್ಲಿನ ಸರ್ಕಾರಿ ಸಾರಿಗೆ ಸಂಸ್ಥೆಯದ್ದು. ಡೀಸೆಲ್ ಖರ್ಚು ಮಾತ್ರ ಪಂಚಾಯಿತಿಯದ್ದು. ಯಾವ ದಾರಿಯಲ್ಲಿ, ಎಷ್ಟು ಹೊತ್ತಿಗೆ ಓಡಬೇಕು ಅಂತ ಹೇಳುವುದು ಪಂಚಾಯಿತಿಯೇ. ನನಗೆ ಬಹಳ ಹಿಡಿಸಿದ್ದು ಈ ಕೊನೆಯ ಮಾತು. ಊರಿಗೆ ಯಾವ ಹೊತ್ತಿಗೆ ಬಸ್ಸು ಬೇಕು ಅಂತ ಊರಿನವರಿಗೆ ಗೊತ್ತಿರುತ್ತದೆ. ನಮ್ಮ ಪಂಚಾಯಿತಿಗಳ ಸ್ವಂತ ಆದಾಯ ಕಡಿಮೆ, ಒಂದೇ ಪಂಚಾಯಿತಿಗೆ ಇದು ಭಾರ ಆಗುತ್ತದೆ, ಗೊತ್ತು. ನಾಲ್ಕು ಪಂಚಾಯಿತಿ ಸೇರಿ ಒಂದು ಮಿನಿ ಬಸ್ಸು ಅಂತ ಮಾಡಿ, ರಾಜ್ಯ ಸರ್ಕಾರ ಪಾಲು ಹಾಕಲಿ. ದೊಡ್ಡ ಬಸ್ಸು ನಮಗೆ ಬೇಡ, ಅದು ನಮ್ಮ ತಿರುವುಗಳಲ್ಲಿ ತಿರುಗುವುದೂ ಇಲ್ಲ. ಈಗ ಇರುವ ಖಾಸಗಿ ಬಸ್ಸಿನವರಿಗೇ ಒಳದಾರಿಯ ಟ್ರಿಪ್ಪಿಗೆ ಇಷ್ಟು ಅಂತ ಕೊಟ್ಟು, ಹೆಂಗಸರಿಗೆ ಅದರಲ್ಲೂ ಶಕ್ತಿ ಟಿಕೆಟ್ ಕೊಡಿಸಿದರೂ ಆದೀತು. ಯಾರು ಓಡಿಸುತ್ತಾರೆ ಅನ್ನುವುದಕ್ಕೆ ನನ್ನ ಹಟ ಇಲ್ಲ.

ರಸ್ತೆಯ ಲೆಕ್ಕದಲ್ಲಿ ಮಲೆನಾಡನ್ನು ಗುಡ್ಡಗಾಡು ಅಂತಲೇ ಒಪ್ಪಿಕೊಂಡು 250ರ ನಿಯಮವನ್ನು ನಮಗೂ ಹಾಕಬೇಕು, ಕೂಡಿಸುವ ದೂರವನ್ನೂ ಜಾಸ್ತಿ ಮಾಡಬೇಕು. ನಮ್ಮ ಸಂಸದರು ದೆಹಲಿಯಲ್ಲಿ ಇದನ್ನು ಬಿಡದೆ ಕೇಳಲಿ. ಜನಗಣತಿಯ ಊರ ಪಟ್ಟಿಯಲ್ಲಿ 'ಇದೆ, ಇಲ್ಲ' ಅನ್ನುವುದರ ಜತೆಗೆ ದಿನಕ್ಕೆ ಎಷ್ಟು ಸಲ ಅಂತ ಒಂದೇ ಒಂದು ಕಾಲಮ್ ಸೇರಿಸಲಿ. ಅದು ದೊಡ್ಡ ಖರ್ಚಿನ ಕೆಲಸವೇನೂ ಅಲ್ಲ. ಆ ಒಂದು ಸಂಖ್ಯೆ ಇದ್ದರೆ, ಬೆಳಿಗ್ಗೆಯಿಂದ ರಾತ್ರಿವರೆಗೆ ಇಪ್ಪತ್ತು ಬಸ್ಸು ಬರುವ ಊರೂ ನಮ್ಮೂರೂ ಪಟ್ಟಿಯಲ್ಲಿ ಒಂದೇ ಥರ ಕಾಣುವುದಿಲ್ಲ.

2011ರಲ್ಲಿ ನಮ್ಮನ್ನು ಎಣಿಸಲು ಬಂದಿದ್ದವರು ಒಬ್ಬರು ಮೇಷ್ಟ್ರು. ಪಾಪ, ಕ್ರಾಸಿನಿಂದ ನಡೆದೇ ಬಂದಿದ್ದರು. ಫಾರಂ ಚೀಲ ಹೆಗಲಿಗೆ, ಕೈಯಲ್ಲಿ ಕೊಡೆ. ಸಂಜೆ ಬಸ್ಸು ತಪ್ಪಿಹೋಗುತ್ತದೆ ಅಂತ ಮೂರು ಗಂಟೆಗೇ ಎದ್ದು ಹೊರಡುತ್ತಿದ್ದರು, ನಮ್ಮ ನಾಲ್ಕು ಮಜರೆ ಮುಗಿಸಲು ಎಷ್ಟೋ ದಿನ ಓಡಾಡಿದರು. ಒಂದು ದಿನ ಬಸ್ಸು ತಪ್ಪಿ ನಮ್ಮ ಮನೆಯಲ್ಲೇ ಉಳಿದರು. ರಾತ್ರಿ ಊಟಕ್ಕೆ ಕೂತಾಗ "ಅಮ್ಮಾ, ನೀವೆಲ್ಲ ದಿನಾ ಹೇಗೆ ಓಡಾಡ್ತೀರಿ?" ಅಂತ ಕೇಳಿದರು. ಅವರ ಫಾರಂನಲ್ಲಿ ಆ ಪ್ರಶ್ನೆ ಇರಲಿಲ್ಲ.

ಪ್ರಾದೇಶಿಕ ಸಾರಿಗೆ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು, ಬಸ್ಸಿನ ಪರ್ಮಿಟ್ಟು, ಸಮಯ ಎಲ್ಲ ಅಲ್ಲಿಯೇ ಆಗುವುದು. ಹಾಗಾಗಿ ನಿಮ್ಮ ಪತ್ರಿಕೆಯ ಮೂಲಕ ಅವರನ್ನು ಕೇಳಿಕೊಳ್ಳುತ್ತೇನೆ. ದೊಡ್ಡ ಯೋಜನೆಗಳು ಬರುವಾಗ ಬರಲಿ. ಸದ್ಯಕ್ಕೆ ಸಂಜೆ 4ಕ್ಕೆ ಪೇಟೆ ಬಿಡುವ ಬಸ್ಸನ್ನು 5ಕ್ಕೆ ಬಿಡಿಸಿಕೊಡಿ. ನಮ್ಮ ದಾರಿಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳು ಒಟ್ಟು ಹದಿನಾಲ್ಕು ಜನ ಇದ್ದಾರೆ, ಹೆಸರು, ಕ್ಲಾಸು, ಇಳಿಯುವ ಜಾಗ ಎಲ್ಲ ನಾನು ಬರೆದಿಟ್ಟಿದ್ದೇನೆ. ಕೇಳಿದರೆ ನಾಳೆಯೇ ತಂದುಕೊಡುತ್ತೇನೆ, 7.20ರ ಬಸ್ಸಿಗೆ.

ಇಂತಿ,
ನಿಮ್ಮ ಪತ್ರಿಕೆಯ ಓದುಗರಲ್ಲಿ ಒಬ್ಬಳು
ಕೊಪ್ಪ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ